ಸೈರನ್ ಕೇಳಿಸಿಕೊಂಡ ಅಜ್ಜಿ

"ಅಜ್ಜಿ, ನೀವಿರೋ ಬಿಲ್ಡಿಂಗ್ ಹೆಸರೇನು? ಸ್ವಲ್ಪ ನೆನಪು ಮಾಡ್ಕೊಳ್ಳಿ."

"ಮಗನ ಮನೆ, ತಾಯಿ. ಮೊನ್ನೆ ಮೊನ್ನೆ ಬಂದಿದೀನಿ. ಕಾರಲ್ಲಿ ಕರ್ಕೊಂಡ್ಬಂದ, ಲಿಫ್ಟ್ ಹತ್ತಿಸ್ದ. ನಂಗೇನು ಗೊತ್ತು?"

ತುರ್ತು ಕರೆ ಕೇಂದ್ರದ ಆಪರೇಟರ್ ಹುಡುಗಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬಚ್ಚಲಲ್ಲಿ ಜಾರಿ ಬಿದ್ದ ಮುದುಕಿ. ಸೊಂಟ ಅಲ್ಲಾಡಿಸಲಾಗುತ್ತಿಲ್ಲ, ತಲೆಯಿಂದ ರಕ್ತ ಸೋರುತ್ತಿದೆ. ಮಗ ಸೊಸೆ ಇಬ್ಬರೂ ವಿಮಾನದಲ್ಲಿದ್ದಾರಂತೆ, ಇಬ್ಬರ ಫೋನೂ ಬಂದ್. ಅಜ್ಜಿಯದೋ ಹಳೇ ಗುಂಡಿ ಫೋನು. ತೆರೆಯ ಮೇಲೆ ಮೂಡಿದ್ದು ನಕ್ಷೆಯ ನಡುವೆ ಒಂದು ದೊಡ್ಡ ವೃತ್ತ, ಅಷ್ಟೇ. 'ನನ್ನ ಸುತ್ತಮುತ್ತ ಎಲ್ಲೋ ಇದ್ದಾಳೆ' ಎನ್ನುತ್ತಿತ್ತು ಮೊಬೈಲ್ ಟವರು. ಆ ಸುತ್ತಮುತ್ತಲಲ್ಲಿ ಸಾವಿರಾರು ಮನೆ. ಸುಡುಗಾಡು ಟವರು. ಸಿನಿಮಾದಲ್ಲಾದರೆ ಚಿಟಿಕೆ ಹೊಡೆಯುವುದರೊಳಗೆ ಕಳ್ಳನ ಮನೆಬಾಗಿಲು ತೋರಿಸುತ್ತಾರೆ. ಅದನ್ನು ನಂಬಿದವರ ಬೈಗುಳ ತಿನ್ನುವುದು ಇವಳ ಪಾಲು.

"ಅಲ್ಲಿಂದ ಏನು ಕಾಣುತ್ತೆ ಅಜ್ಜಿ?"

"ಬಕೆಟ್ಟು."

ಹುಡುಗಿ ಇನ್ನೊಂದು ಲೈನಿನಲ್ಲಿ ಆಂಬುಲೆನ್ಸ್ ಚಾಲಕನನ್ನು ಹಿಡಿದಳು. "ಅಣ್ಣ, ಸೈರನ್ ಹಾಕ್ಕೊಂಡು ಒಂದೊಂದೇ ರಸ್ತೆ ಸುತ್ತಿ. ಅಜ್ಜಿ ಫೋನಲ್ಲಿ ಸದ್ದು ಕೇಳಿಸಿದ ತಕ್ಷಣ ಹೇಳ್ತೀನಿ."

ಬಹಳ ಹೊತ್ತು ನರಳಿಕೆ ಬಿಟ್ಟು ಬೇರೇನೂ ಇಲ್ಲ. ಅದೂ ಬರಬರುತ್ತಾ ಕುಗ್ಗುತ್ತಿತ್ತು. ಕೊನೆಗೆ ಸಣ್ಣಗೆ ಸೈರನ್ ಕೇಳಿಸಿತು, ಹಾಗೇ ದೂರವಾಯಿತು.

"ಹಿಂದಕ್ಕೆ ತಿರುಗಿಸಿ ಅಣ್ಣ."

ಈ ಸಲ ಕಿವಿ ತುಂಬಿತು.

"ತಾಯಿ, ಇಲ್ಲಿ ಯಾರಿಗೋ ಆಂಬುಲೆನ್ಸ್ ಬಂದಿದೆ," ಎಂದಳು ಅಜ್ಜಿ. "ಪಾಪ, ಏನಾಯ್ತೋ ಏನೋ. ಮೊದ್ಲು ಅವರನ್ನ ನೋಡಿ. ನಂದಿರ್ಲಿ, ಆಮೇಲೆ ಮಾಡ್ತೀನಿ."

"ಅಜ್ಜಿ, ಅದು ನಿಮಗೇ ಬಂದಿರೋದು..."

ಲೈನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಸ್ವಿಚ್ ಆಫ್. ಈ ಹಾಳು ಒಳ್ಳೆಯತನ ಈಗಲೇ ಬೇಕಿತ್ತೇ ಎಂದು ಅವಳು ಹೆಡ್‌ಫೋನು ಕಿತ್ತು ಮೇಜಿಗೆ ಕುಕ್ಕಿದಳು. ಕಣ್ಣಲ್ಲಿ ನೀರು ಬಂದಿತ್ತು. ಮತ್ತೆ ಹಾಕಿಕೊಂಡಳು.

"ಎಲ್ಲಿಗೆ ಹೋಗ್ಲಿ ಮೇಡಂ? ಸುತ್ತಲೂ ಒಂದೇ ಥರದ ಬಿಲ್ಡಿಂಗು. ಕತ್ತಲೆ ಬೇರೆ ಆಗ್ತಿದೆ."

"ಅಲ್ಲೇ ನಿಲ್ಲಿ. ಸೈರನ್ ಮಾತ್ರ ನಿಲ್ಲಿಸ್ಬೇಡಿ."

"ಜನ ಕಿಟಕೀಲಿ ಇಣುಕಿ ಬೈತಿದಾರೆ."

"ಬೈಲಿ. ಎಲ್ಲರೂ ಇಣುಕ್ತಿದಾರಾ, ಅದನ್ನ ನೋಡಿ."

ಸೈರನ್ ಕೂಗುತ್ತಲೇ ಇತ್ತು. ಯಾರೋ ಗಾಡಿಯ ಬಾಗಿಲು ಬಡಿದು ಜಗಳ ತೆಗೆದರು. ಚಾಲಕ ಅವರಿಗೇನೋ ಗದರಿದ.

"ದೀಪ ಉರಿಯೋ ಕಿಟಕೀಲೆಲ್ಲ ಒಂದೊಂದು ತಲೆ ಇದೆ ಮೇಡಂ," ಎಂದ. ಗಾಡಿಯಿಂದಿಳಿದ ಸದ್ದಾಯಿತು. "ಮೂರನೇ ಮಹಡೀಲಿ ಒಂದು ಬಚ್ಚಲ ಕಿಟಕಿ. ದೀಪ ಇದೆ. ಯಾರೂ ಇಲ್ಲ."