ಚಕ್ರಪಾಣಿಯವರ ಗೋಡೆಯ ಗಾಯಕಿ

ವಿದೇಶದ ಮಿಲ್ ಕ್ರೀಕ್‌ ಊರಿನಲ್ಲಿ ನೆಲೆಸಿದ್ದ ರಾಜೇಶ್ವರಿ ದಿನವೂ ಪಕ್ಕದ ಲಿನ್‌ವುಡ್‌ನಲ್ಲಿ ಸಹೋದ್ಯೋಗಿ ಹನಾನ್‌ಳನ್ನು ಹತ್ತಿಸಿಕೊಂಡು ಆಫೀಸಿಗೆ ಹೋಗುತ್ತಿದ್ದಳು. ಕಾರಿನಲ್ಲಿ ಹನಾನ್ ತನ್ನ ಊರಾದ ಕೈರೋದ ಗಾಯಕಿಯೊಬ್ಬಳ ಹಾಡು ಹಾಕುತ್ತಿದ್ದಳು. ಒಂದು ಪದವೂ ತಿಳಿಯದಿದ್ದರೂ ಧಾರವಾಡದ ರಾಜೇಶ್ವರಿಗೆ ಆ ದನಿ ಹುಚ್ಚು ಹಿಡಿಸಿತು. ಕೊನೆಗೆ ಆ ಗಾಯಕಿಯ ಚಿತ್ರವನ್ನೇ ಮಾಡಿದಳು. ಹನಾನ್‌ಳ ತೀರಿಹೋದ ತಾಯಿಯ ಕೆಟ್ಟುಹೋದ ಕ್ಯಾಸೆಟ್‌ಗಳ ಕಂದು ಟೇಪು ಬಿಡಿಸಿ ಕೂದಲು ಅಂಟಿಸಿದಳು, ಹಳೆಯ ಇಳಕಲ್ ಸೆರಗು ಕತ್ತರಿಸಿ ಉಡುಪು ತೊಡಿಸಿದಳು. ಗಾಯಕಿಯ ಹಿಂದಿನ ಖಾಲಿ ಜಾಗದ ತುಂಬ ಹಾಡಿನ ಸಾಲುಗಳನ್ನು ಹನಾನ್ ತಾನೇ ಅರಬ್ಬಿಯಲ್ಲಿ ಬರೆದಳು.

ಅದನ್ನು ಕಂಡ ಗೆಳತಿ ವಸಂತಲಕ್ಷ್ಮಿ, "ನಮ್ಮ ಗೃಹಪ್ರವೇಶಕ್ಕೆ ಇದನ್ನೇ ಕೊಡ್ರೀ" ಎಂದು ಬೆನ್ನು ಹತ್ತಿದರು. ನಾಲ್ಕು ಜನ ನೋಡಲಿ ಎಂದು ಹನಾನ್ ಕೂಡ ಒಪ್ಪಿದಳು.

ಸಂಕ್ರಾಂತಿ ಊಟಕ್ಕೆ ಇಸ್ಸಾಕ್ವಾದಲ್ಲಿದ್ದ ವಸಂತಲಕ್ಷ್ಮಿಯವರ ಆ ಹೊಸ ಮನೆಗೆ ಗಂಡ ಕಲ್ಮೇಶನೊಡನೆ ಹೋದ ರಾಜೇಶ್ವರಿ, ಪೊಂಗಲ್ ಬಟ್ಟಲು ಹಿಡಿದು ಚಿತ್ರದ ಮುಂದೆ ನಿಂತವಳು ಬೆಚ್ಚಿದಳು. ಗಾಯಕಿಯ ಹಣೆಗೆ ದಪ್ಪ ಸ್ಟಿಕ್ಕರ್ ಬಿಂದಿ. ಅಕ್ಷರಗಳ ಮೇಲೆ ಬಂಗಾರದ ಬಣ್ಣ ಬಳಿದು ಕಮಲ ಬಿಡಿಸಿದ್ದರು.

"ಬೇಜಾರ್ ಮಾಡ್ಕೋಬೇಡಿ ರಾಜೇಶ್ವರಿ. ಎದುರಿಗೇ ದೇವರ ಮನೆ, ಇವಳ ಹಣೆ ನೋಡಿದ್ರೆ ಬೋಳು. ಈಗ ಎಷ್ಟು ಲಕ್ಷಣವಾಗಿದಾಳೆ ನೋಡಿ!" ಎಂದರು ವಸಂತಲಕ್ಷ್ಮಿ.

"ಆ ಬರಹ ನೋಡಿದ್ರೆ ಯಾರೋ ಬಾಂಬ್ ಇಡೋಕೆ ಪ್ಲಾನ್ ಬರೆದಿದ್ದ ಹಾಗಿತ್ತು ಬಿಡಿ," ಎಂದರು ಅವರ ಗಂಡ ಚಕ್ರಪಾಣಿ.

ಸೋಫಾದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬಾಯಿ ತೆರೆದವರ ಹಲ್ಲುಗಳಲ್ಲಿ ಎಳ್ಳು ಸಿಕ್ಕಿಕೊಂಡಿತ್ತು. ರಾಜೇಶ್ವರಿಗೆ ನಾಲಿಗೆಯ ಮೇಲಿನ ತುಪ್ಪ ಜಿಡ್ಡೆನಿಸಿತು. ತುತ್ತನ್ನು ಕಾಗದದ ಕರವಸ್ತ್ರಕ್ಕೆ ಉಗುಳಿ, ಚಿತ್ರವನ್ನು ಗೋಡೆಯಿಂದ ಕೆಳಗಿಳಿಸಿದಳು.

"ಅಯ್ಯೋ, ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತಗೋತಾರಾ?" ಎಂದರು ವಸಂತಲಕ್ಷ್ಮಿ.

"ನಾ ಕೊಟ್ಟದ್ದು ಇದಲ್ಲರೀ," ಎಂದ ರಾಜೇಶ್ವರಿ ಗಂಡನತ್ತ ತಿರುಗಿದಳು. "ಬಾಗಲಾ ತಗೀರಿ."

ಕಾರಿನಲ್ಲಿ ಕಲ್ಮೇಶ, "ಇನ್ನ ಆ ಮನೀ ಕಡೆ ಮುಖಾ ಹಾಕಾಕ ಬರೂದಿಲ್ಲ ನೋಡು," ಎಂದ.

"ಹಾಕೂದರ ಯಾಕ?"

ರಾಜೇಶ್ವರಿ ಚಿತ್ರದ ಬಿಂದಿಯನ್ನು ಕಿತ್ತರೆ ಹಣೆಯ ಬಣ್ಣವೂ ಅದರೊಟ್ಟಿಗೆ ಎದ್ದು ಬಂತು. ಬೆರಳಿಗಂಟಿದ ಗೋಂದನ್ನು ಎಷ್ಟು ತಿಕ್ಕಿದರೂ ಅವಳಿಗೆ ಹೇಸಿಗೆ ಹೋಗಲಿಲ್ಲ.

ಮರುದಿನ ಹನಾನ್ ತನ್ನ ಮನೆಯ ಮುಂದೆ ರಾಜೇಶ್ವರಿಯ ಕಾರಿನ ಡಿಕ್ಕಿ ತೆರೆದು ನೋಡಿದಳು. ಬಂಗಾರದ ಬಣ್ಣವನ್ನು ಉಗುರಿನಿಂದ ಕೆರೆದಳು. ಕೆಳಗಿನ ಅಕ್ಷರವೂ ಪುಡಿಯಾಗಿ ಉದುರಿತು.

"ಯಾರು ಮಾಡಿದ್ದು?"

"ನಮ್ಮವರೇ," ಎಂದಳು ರಾಜೇಶ್ವರಿ. ಆ ಮಾತು ಆಡುವಾಗ ತನ್ನ ಬಾಯೇ ಹೊಲಸಾದಂತೆ ಅನ್ನಿಸಿತು.

ಹನಾನ್ ಚಿತ್ರವನ್ನೆತ್ತಿಕೊಂಡು ಒಳಗೆ ಹೋದಳು. ರಾಜೇಶ್ವರಿಯನ್ನು ಒಳಗೆ ಕರೆಯಲಿಲ್ಲ.