ತೋಟದ ಮಾಲಿಯ ಕೈಗವಸು

ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕ, ಶನಿವಾರ ಮಧ್ಯಾಹ್ನವೇ ತಲೆನೋವೆಂದು ಯಜಮಾನರಿಗೆ ಸುಳ್ಳು ಹೇಳಿ ಮನೆಗೆ ಓಡಿಬಂದಳು. ತಲೆಗೇನೂ ಆಗಿರಲಿಲ್ಲ, ತಂಗಿ ಬರುವವಳಿದ್ದಳು. ಚಳಿ ಆಗಲೇ ಬಿದ್ದಿತ್ತು. ಊರವರ ಕಿಟಕಿಗಳಿಗೆಲ್ಲ ದಪ್ಪ ಪರದೆ ಹೊಲಿದುಕೊಡುವ ಈ ಮಹಾತಾಯಿಯ ಸ್ವಂತ ಕಿಟಕಿಗೆ ಹಳೆಯ ಹೊದಿಕೆಯ ತುಂಡೊಂದು ನೇತಾಡುತ್ತಿತ್ತು. ಯಾರು ನೋಡಬೇಕು ಎಂಬುದು ಅವಳ ವಾದ.

ತಂಗಿಯ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯ ಹೊತ್ತಿಗೆ ಅವಳ ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಿತ್ತು. ಇಬ್ಬರೂ ಮದುವೆಯ ಗೊಡವೆಯನ್ನೇ ಬಿಟ್ಟು ಒಂದೇ ಸೂರಿನಡಿ ಕಿತ್ತಾಡಿಕೊಂಡು ಸುಖವಾಗಿದ್ದವರು. ದವಡೆ ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹೋದ ತಂಗಿ, ಹಲ್ಲಿನ ಡಾಕ್ಟರನ್ನೇ ಕಟ್ಟಿಕೊಂಡಳು. ಮದುವೆಯಲ್ಲಿ ಅಕ್ಕ ಮೈಮುರಿದು ದುಡಿದಳು, ಎಲ್ಲರೆದುರು ಬಾಯ್ತುಂಬ ನಕ್ಕಳು. ಡಾಕ್ಟರು ಒಳ್ಳೆಯವರೇ. ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಅವರನ್ನು ಬೈದುಕೊಂಡಾದರೂ ಹೊತ್ತು ಕಳೆಯಬಹುದಿತ್ತು.

ಇವರಿಬ್ಬರಿಗೂ ಪತ್ತೇದಾರಿ ಕಾದಂಬರಿಯ ಹುಚ್ಚು. ಇರುವುದು ಒಂದು ಪುಸ್ತಕ, ನಾನು ಮೊದಲು ಓದಬೇಕೆಂಬ ಹಠ ಇಬ್ಬರದು. ಹಿಂದೆ ಯಾವಾಗಲೋ ಜಗಳ ತಾರಕಕ್ಕೇರಿದಾಗ ಅಕ್ಕ ಬಟ್ಟೆ ಕತ್ತರಿ ತಂದು, ಪುಸ್ತಕದ ಬೆನ್ನು ಸೀಳಿ ಎರಡು ಮಾಡಿಬಿಟ್ಟಳು. ಅಂದಿನಿಂದ ಅದೇ ಪದ್ಧತಿಯಾಯಿತು. ಅಕ್ಕ ಮೊದಲರ್ಧ ಮುಗಿಸಿ ತಂಗಿಗೆ ದಾಟಿಸುವಳು, ತಾನು ಎರಡನೆಯರ್ಧ ಹಿಡಿಯುವಳು. ಆಮೇಲೆ ಬಿಸಿ ಸೂಪಿನ ಮುಂದೆ ಇಬ್ಬರ ಪಂಚಾಯಿತಿ. ಕೊಂದವರು ಯಾರೆಂದು ಊಹಿಸಿ ಹೇಳದ ಹೊರತು ಉಳಿದರ್ಧ ತಂಗಿಯ ಕೈಗೆ ಸಿಗದು. ತಂಗಿ ಮೇಜು ಗುದ್ದಿ ಗುದ್ದಿ ವಾದಿಸುವಳು, ಪ್ರತಿ ಸಲವೂ ತಪ್ಪು ಮನುಷ್ಯನನ್ನೇ ಹಿಡಿಯುವಳು. ಎಲ್ಲ ಗೊತ್ತಿದ್ದ ಅಕ್ಕ ತುಟಿ ಬಿಗಿಹಿಡಿದು ಒಳಗೊಳಗೇ ನಗುವಳು. ಅವಳ ಬಾಳಿನಲ್ಲಿ ಅಷ್ಟು ಖುಷಿ ಕೊಟ್ಟದ್ದು ಬೇರೆ ಯಾವುದೂ ಇರಲಿಲ್ಲ.

ಮದುವೆಯಾದರೂ ಶನಿವಾರ ಬಿಡುವುದಿಲ್ಲ ಎಂದು ತಂಗಿಯೇ ಹೇಳಿದ್ದಳು. ಬಂದಳು ಕೂಡ. ಬರಬರುತ್ತಾ ಅದು ವಾರ ಬಿಟ್ಟು ವಾರವಾಯಿತು, ಆಮೇಲೆ ತಿಂಗಳಿಗೊಮ್ಮೆ. ಹೋದ ಸಲ ಬಂದಾಗ ಹೊಸ ಕಾದಂಬರಿಯ ಮೊದಲರ್ಧ ಕೊಂಡುಹೋಗಿದ್ದಳು. ಅವಳು ಬರುತ್ತಿರುವುದು ಮನಸ್ಸಿದ್ದೋ, ಇಲ್ಲ ಪಾಪ, ಒಬ್ಬಳೇ ಇದ್ದಾಳಲ್ಲ ಎಂಬ ಕರುಣೆಗೋ? ಅಕ್ಕನಿಗೆ ಇದೊಂದು ಗೊತ್ತಾಗಬೇಕಿತ್ತು. ಬಾಯಿಬಿಟ್ಟು ಕೇಳಲು ಧೈರ್ಯವಿರಲಿಲ್ಲ.

ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ ಸಣ್ಣಗೆ ಹೆಚ್ಚಿ, ಒಂದು ಹಿಡಿ ಬಾರ್ಲಿ ಹಾಕಿ, ಸಣ್ಣ ಉರಿಯಲ್ಲಿ ಸೂಪು ಕುದಿಯಲು ಇಟ್ಟಳು. ಬಾಗಿಲ ಬಳಿ ಸದ್ದಾದಾಗಲೆಲ್ಲ ಸೌಟು ಬಿಟ್ಟು ಹೋಗಿ ನೋಡಿ ಬಂದಳು. ಸಂಜೆಗೆ ತಂಗಿ ಬಂದೇ ಬಂದಳು, ಮೈಮೇಲೆ ಹೊಸ ಕೋಟು.

"ಅಬ್ಬಬ್ಬಾ, ಏನು ಚಳಿ ಅಕ್ಕ! ಅವರು ನಿನ್ನನ್ನ ಕೇಳಿದೆ ಅಂತ ಹೇಳು ಅಂದ್ರು."

"ನನ್ನ ಹಲ್ಲೆಲ್ಲ ಗಟ್ಟಿಯಾಗಿದೆ, ಅವರ ಕಣ್ಣು ಬೀಳೋದು ಬೇಡ ಅಂತ ಹೇಳು."

ತಂಗಿ ನಕ್ಕು, ಶೂ ಬಿಚ್ಚಿ ಗೋಡೆಗೆ ಜೋಡಿಸಿಟ್ಟಳು. ಈ ಮನೆಯಲ್ಲಿದ್ದಾಗ ಒಂದು ಶೂ ಮಂಚದ ಕೆಳಗೆ, ಇನ್ನೊಂದು ಬಚ್ಚಲ ಬಾಗಿಲಲ್ಲಿ ಸಿಗುತ್ತಿತ್ತು. ಅದಕ್ಕಾಗಿ ಅವಳು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಜೋಡಿಸಿಟ್ಟ ಶೂ ನೋಡಿ ಅಕ್ಕನಿಗೆ ಯಾಕೋ ಸರಿ ಕಾಣಲಿಲ್ಲ.

ಬಟ್ಟಲಿಗೆ ಸೂಪು ಬಡಿಸಿದ್ದಾಯಿತು. ತಂಗಿ ಒಂದು ಚಮಚ ಬಾಯಿಗಿಟ್ಟಳು. "ತುಂಬಾ ಚೆನ್ನಾಗಿದೆ ಅಕ್ಕ."

ಅಕ್ಕ ಬೆಚ್ಚಿಬಿದ್ದಳು. ಉಪ್ಪಿಲ್ಲ, ಖಾರ ಇಲ್ಲ, ಇದೇನು ಆಸ್ಪತ್ರೆ ಊಟಾನಾ ಎಂದು ರಾಗ ಎಳೆಯದೆ ಇವಳು ಎಂದಾದರೂ ಸೂಪು ಕುಡಿದದ್ದುಂಟೇ? ತಾನೂ ಒಂದು ಚಮಚ ರುಚಿ ನೋಡಿದಳು. ಬಾಗಿಲಿಗೂ ಒಲೆಗೂ ಓಡಾಡುವ ಭರದಲ್ಲಿ ಉಪ್ಪನ್ನೇ ಹಾಕಿರಲಿಲ್ಲ.

"ಉಪ್ಪು ಕೊಡ್ಲಾ?"

"ಬೇಡ ಬೇಡ, ಸರಿಯಾಗಿದೆ."

ಅಕ್ಕ ಉಪ್ಪಿನ ಡಬ್ಬಿಯನ್ನು ಸುಮ್ಮನೆ ಮೇಜಿನ ಮಧ್ಯಕ್ಕಿಟ್ಟಳು. ತಂಗಿ ಅದನ್ನು ಮುಟ್ಟಲಿಲ್ಲ. ಇರಲಿ, ಮುಖ್ಯವಾದದ್ದು ಮುಂದಿದೆ ಎಂದುಕೊಂಡು ಅಕ್ಕ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಕಾದಂಬರಿಯಲ್ಲಿ ದೊಡ್ಡ ಮನೆಯ ಯಜಮಾನನೊಬ್ಬ ವಿಷಕ್ಕೆ ಬಲಿಯಾಗಿದ್ದ. ಆ ದಿನ ಮನೆಯಲ್ಲಿದ್ದವರು ಅವನ ಎರಡನೆಯ ಹೆಂಡತಿ, ಅಳಿಯ, ಮತ್ತು ಹೊತ್ತು ಗೊತ್ತಿಲ್ಲದೆ ಕೈಗವಸು ಹಾಕಿಕೊಂಡೇ ಇರುವ ತೋಟದ ಮಾಲಿ.

"ಸರಿ, ಹೇಳು. ವಿಷ ಹಾಕಿದ್ದು ಯಾರು?"

"ಎರಡನೇ ಹೆಂಡ್ತಿ! ಅದರಲ್ಲೇನು ಅನುಮಾನ? ಅವಳ ಅಳು ನೋಡಿದ್ಯಾ? ಬರೀ ನಾಟಕ!" ತಂಗಿ ಮೇಜು ಗುದ್ದಿದಳು. ಚಮಚ ಎಗರಿ ಕೆಳಗೆ ಬಿತ್ತು.

ಅಕ್ಕನಿಗೆ ಎದೆ ತುಂಬಿ ಬಂತು. ಇವಳು ತನ್ನ ಹಳೇ ತಂಗಿಯೇ, ಸುಮ್ಮನೆ ಏನೇನೋ ಅಂದುಕೊಂಡೆ ಎಂದು ತನ್ನನ್ನೇ ಬೈದುಕೊಂಡಳು. ಕೊಂದವನು ಅಳಿಯ. ಅದು ಗೊತ್ತಿದ್ದೂ ಇನ್ನಷ್ಟು ಕೆಣಕೋಣವೆಂದು ಕೇಳಿದಳು. "ಮಾಲಿ ಯಾಕಾಗಿರಬಾರದು? ಕೈಗವಸು ಬಿಚ್ಚೋದೇ ಇಲ್ವಲ್ಲ ಅವನು?"

"ಅಯ್ಯೋ, ಅವನನ್ನ ಬಿಡು ಪಾಪ. ಆ ಸುಟ್ಟ ಬೆರಳು ಇಟ್ಕೊಂಡು ಅವನು ಬಾಟ್ಲಿ ಮುಚ್ಚಳ ಹೇಗೆ ತೆಗೀತಾನೆ?"

ಅಕ್ಕನ ಕೈ ಬಟ್ಟಲ ಮೇಲೇ ನಿಂತಿತು.

ಮಾಲಿಯ ಬೆರಳು ಸುಟ್ಟಿದೆಯೆಂದು ಗೊತ್ತಾಗುವುದು ಪುಸ್ತಕದ ಕೊನೆಯಲ್ಲಿ, ಪತ್ತೇದಾರ ಅವನ ಕೈಗವಸು ಬಿಚ್ಚಿಸಿದಾಗ. ಆ ಹಾಳೆಗಳು ಅಕ್ಕನ ಹೊಲಿಗೆ ಬುಟ್ಟಿಯಲ್ಲಿದ್ದವು. ತಂಗಿ ಇನ್ನೂ ಅವುಗಳ ಮುಖವನ್ನೇ ನೋಡಿರಬಾರದು.

ತಾನು ಆಡಿದ್ದೇನೆಂದು ತಂಗಿಗೆ ಹೊಳೆಯಲೂ ಇಲ್ಲ. ಎರಡನೇ ಹೆಂಡತಿಯನ್ನು ಬೈಯುತ್ತಲೇ ಇದ್ದಳು. ಅಕ್ಕನಿಗೆ ಎಲ್ಲ ಅರ್ಥವಾಯಿತು. ತಡೆಯಲಾರದೆ ಇವಳೇ ಇಡೀ ಪುಸ್ತಕ ತರಿಸಿಕೊಂಡಿರಬೇಕು. ಡಾಕ್ಟರೂ ಇವಳೂ ಒಂದೇ ಹೊದಿಕೆಯಡಿ ಕೂತು, ಅವನೋ ಇವನೋ ಎಂದು ಕಿತ್ತಾಡಿ ಓದಿ ಮುಗಿಸಿರಬೇಕು. ಓದಲಿ, ಅದಕ್ಕೇನು? ಓದಿ ಮುಗಿಸಿದೆ ಅಕ್ಕ ಎಂದಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದಳು. ಆದರೆ ಮಗುವಿನ ಜೊತೆ ಆಡುತ್ತಾ ಬೇಕೆಂದೇ ಸೋಲುವ ದೊಡ್ಡವರ ಹಾಗೆ, ಇವಳು ತಪ್ಪು ಹೆಸರು ಹೇಳಿ ಮೇಜು ಗುದ್ದಿದ್ದಳು. ಒಬ್ಬಳೇ ಇದ್ದ ಯಾವ ಸಂಜೆಯೂ ಅಕ್ಕನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

"ಎರಡನೇ ಹೆಂಡ್ತಿನಾ?" ಎಂದು ಅವಳು ತುಟಿ ಬಿಗಿಹಿಡಿದು, ಹಿಂದೆಲ್ಲ ನಗುತ್ತಿದ್ದ ಹಾಗೇ ನಕ್ಕಳು. "ಓದು, ಓದು. ಗೊತ್ತಾಗುತ್ತೆ."

ತಂಗಿಯ ಮುಖ ಅರಳಿತು. ಬುಟ್ಟಿಯಿಂದ ತೆಗೆದುಕೊಟ್ಟ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, "ಇವತ್ತೇ ಓದಿ ಮುಗಿಸ್ತೀನಿ ನೋಡು" ಎಂದಳು. ಒಂದೆರಡು ಸಲ ಗಡಿಯಾರದ ಕಡೆ ನೋಡಿ, ಅವರು ಕಾಯ್ತಿರ್ತಾರೆ ಎಂದು ಎದ್ದಳು.

ಬಾಗಿಲಲ್ಲಿ ಅಕ್ಕ ಅವಳನ್ನು ನಿಲ್ಲಿಸಿದಳು. ಮನಸ್ಸೋ ಕರುಣೆಯೋ ಎಂಬುದರ ಉತ್ತರ ಅಕ್ಕನಿಗೆ ಆಗಲೇ ಗೊತ್ತಿತ್ತು. ಆದರೂ ಬಡಪಾಯಿ ಮನಸ್ಸು, ತನ್ನ ಎಣಿಕೆ ತಪ್ಪಾಗಲಿ ಎಂದು ಕೊನೆಯದಾಗಿ ಆಸೆಪಟ್ಟಿತು.

"ಚಳಿ ಜಾಸ್ತಿಯಾಗ್ತಿದೆ ಕಣೇ. ಇನ್ನು ಅಷ್ಟು ದೂರದಿಂದ ಬರೋದೆಲ್ಲ ಬೇಡ. ಬಿಸಿಲು ಬಂದ ಮೇಲೆ ನೋಡೋಣ."

ಹುಚ್ಚಾ ನಿಂಗೆ, ಬಂದೇ ಬರ್ತೀನಿ ಎಂದು ಜಗಳಕ್ಕೆ ಬರಲಿ ಎಂದು ಅಕ್ಕ ಕಾದಳು. ತಂಗಿ ಒಂದು ದೊಡ್ಡ ಉಸಿರುಬಿಟ್ಟಳು.

"ನಿಜವಾಗ್ಲೂ ಅಕ್ಕ? ನಿಂಗೆ ಬೇಜಾರಾಗಲ್ಲ ತಾನೇ?"

ಹಾಗೆನ್ನುತ್ತಾ ಅಕ್ಕನನ್ನು ಬಿಗಿಯಾಗಿ ತಬ್ಬಿಕೊಂಡಳು. ಆ ಇಡೀ ಸಂಜೆ ಅವಳು ನಾಟಕವಿಲ್ಲದೆ ಮಾಡಿದ್ದು ಅದೊಂದನ್ನೇ.

"ಬೇಜಾರೆಂಥದ್ದೇ," ಎಂದು ಅಕ್ಕ ಅವಳ ಹೊಸ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿ ಕಳಿಸಿಕೊಟ್ಟಳು.