ಕಿಡಿಯೋತಿಯ ಕಪ್ಪು ಬಾಯಿ

ನಾಲ್ಕು ಜನರ ಮುಂದೆ ಬಾಯಿ ತೆರೆದರೆ ದನಿಯೇ ಹೊರಡದೇನೋ ಎಂಬ ಅಂಜಿಕೆ ಗಂಗಲಕ್ಷ್ಮಿಗೆ ಚಿಕ್ಕಂದಿನಿಂದಲೂ ಇತ್ತು. ಡಿಗ್ರಿ ಮುಗಿದರೂ ಅದು ಹೋಗಿಲ್ಲವೆಂದು ಬಂಡೆ ಹತ್ತುತ್ತಾ ತನಗೆ ತಾನೇ ಒಪ್ಪಿಕೊಂಡಳು.

ಮಧುಗಿರಿ ಬೆಟ್ಟದ ಬಿರುಕುಗಳಲ್ಲಿ ಕಿಡಿಯೋತಿಗಳೆಂಬ ಹಾರುವ ಪುಟ್ಟ ಓತಿಗಳು ಬಾಳುತ್ತಿದ್ದವು. ಅಂಗೈಯಗಲದ ಮೈ, ಈರುಳ್ಳಿ ಸಿಪ್ಪೆಯಂಥ ರೆಕ್ಕೆ, ಉಸಿರಾಡಿದರೆ ಎಳೆಯಷ್ಟು ಹೊಗೆ. ಮೊನ್ನೆ ಸಂಜೆ ಕುರಿಗಳನ್ನು ಕೂಡುವ ರೊಪ್ಪದ ಪಕ್ಕದ ಹುಲ್ಲಿನ ಬಣವೆ ಸುಟ್ಟುಹೋದಾಗ, ಬಾಯಿಗೆ ಮಸಿ ಮೆತ್ತಿಕೊಂಡು ಅವು ಸುತ್ತ ಕೂತಿದ್ದವು. ಬೆಂಕಿ ಇಟ್ಟದ್ದು ಅವೇ ಎನ್ನಲು ಊರಿಗೆ ಅಷ್ಟೇ ಸಾಕಾಯಿತು. ಇವತ್ತು ಅವಳ ಸೋದರಮಾವ ಅಂಜನಪ್ಪ ಊರವರನ್ನು ಕಟ್ಟಿಕೊಂಡು, ಮರಿಗಳಿದ್ದ ಬಿರುಕನ್ನೇ ಕಲ್ಲುಮಣ್ಣು ತುಂಬಿ ಮುಚ್ಚಲು ಬಂದಿದ್ದ.

ಗಂಗಲಕ್ಷ್ಮಿ ಬಿರುಕಿಗೆ ಬೆನ್ನು ಕೊಟ್ಟು ನಿಂತಳು. ಮರಿಗಳ ಉಸಿರು ಬೆನ್ನಿಗೆ ಬೆಚ್ಚಗೆ ತಾಕುತ್ತಿತ್ತು.

"ಓದಿರೋಳಿಗೆ ಓತಿ ಮ್ಯಾಲೆ ಕನಿಕರ ಬಂದ್ಬುಟ್ಟೈತೆ ಕಣ್ಲಾ," ಎಂದು ಕುರಿ ಕಾಯುವ ಮುತ್ತುರಾಜು ನಕ್ಕ.

"ಲೇ ಗಂಗೂ, ಈ ಕಡೀಕ್ ಬಾ," ಎಂದ ಮಾವ. "ಅವುಗಳ ಬಾಯ್ ನೋಡು, ಬರೀ ಮಸಿ. ಇನ್ನೇನ್ ಸಾಕ್ಷಿ ಬೇಕು?"

ಅವಳು ಅವತ್ತು ರೊಪ್ಪದ ಗೋಡೆಯ ಬಳಿಯೇ ಇದ್ದಳು. ಬೆಂಕಿ ಹೊತ್ತಿದ ಮೇಲೆ ಕಿಡಿಯೋತಿಗಳು ಹಾರಿಬಂದು, ಕುರಿಗಳತ್ತ ಸಿಡಿಯುತ್ತಿದ್ದ ಕೆಂಡಗಳನ್ನು ಒಂದೊಂದಾಗಿ ನುಂಗಿದ್ದನ್ನು ಕಂಡಿದ್ದಳು. ಅದಕ್ಕೂ ಮೊದಲು ನಡೆದದ್ದನ್ನೂ ಕಂಡಿದ್ದಳು. ತನ್ನನ್ನು ಸಾಕಿ ಓದಿಸಿದ ಮಾವನ ಎದುರು ಅದನ್ನು ಹೇಗೆ ಹೇಳುವುದು?

ಮುತ್ತುರಾಜು ಕಲ್ಲೆತ್ತಿದ. ಅವಳು ಜರುಗಲಿಲ್ಲ.

"ಮಾವ, ಇವು ಬೆಂಕಿ ನುಂಗಿದ್ವು ಅಷ್ಟೆ. ಬಣವೆಗೆ ಬಿದ್ದಿದ್ದು ನೀನು ಎಸೆದ ಬೀಡಿ. ನಾನೇ ನೋಡ್ದೆ."